ವಾಕ್ಸಂಯಮವೂ ರಾಜಶಾಸನವೂ



ದುರ್ವಚನವು ಆಡಿದವನ ನಾಲಗೆಯಲ್ಲಿ ಕ್ಷಣಮಾತ್ರವಿದ್ದು, ಕೇಳಿದ ಬಾಲಕನ ಮನಸ್ಸಿನಲ್ಲಿ ಬಹುಕಾಲ ನೆಲೆಸುವದು. ಪೂರ್ವದಲ್ಲಿ ಬೀದಿಯೊಳಗೆ ಅಂಥ ಮಾತು ಕೇಳಿಬಂದರೆ ಗೃಹಸ್ಥನು ಕದವಿಕ್ಕಿಕೊಳ್ಳುತ್ತಿದ್ದನು. ರೇಡಿಯೋ, ಟೆಲಿವಿಜನ್‌ಗಳು ನಡುಮನೆಯಲ್ಲಿಯೇ ಬಂದು ಕುಳಿತ ಮೇಲೆ ಇಕ್ಕತಕ್ಕ ಕದವು ಯಾವದು? ಅಮೇರಿಕಾ ದೇಶವು ಈ ಪ್ರಶ್ನೆಯನ್ನು ನ್ಯಾಯಸ್ಥಾನದವರೆಗೆ ಒಯ್ದು ವಿಚಾರಿಸಿದ ಪರಿಯು ಮನನೀಯವಾಗಿದೆ.

1973ರಲ್ಲಿ ನ್ಯೂಯಾರ್ಕಿನ ಒಂದು ರೇಡಿಯೋ ಕೇಂದ್ರವು ಜಾರ್ಜ್ ಕಾರ್ಲಿನ್ ಎಂಬ ವಿನೋದಗಾರನ ಪ್ರಸಂಗವನ್ನು ಹಾಡುಹಗಲಲ್ಲಿಯೇ ಪ್ರಸಾರಮಾಡಿತು. ಪ್ರಸಾರದಲ್ಲಿ ಆಡಬಾರದ ಮಾತುಗಳನ್ನೇ ಅವನು ಅದರಲ್ಲಿ ಎಣಿಸಿ ಎಣಿಸಿ ಆಡಿ, ನಿಷೇಧವನ್ನು ಪರಿಹಾಸ್ಯಮಾಡಿದ್ದನು. ಮಗನೊಡನೆ ಮೋಟಾರಿನಲ್ಲಿ ಹೋಗುತ್ತ ಇದನ್ನು ಕೇಳಿದ ತಂದೆಯೊಬ್ಬನು ಸರಕಾರದ ಪ್ರಸಾರ ಕಮಿಶನ್ನಿಗೆ ದೂರಿತ್ತನು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಐವರು ಒಂದು ಕಡೆಗೂ ನಾಲ್ವರು ಮತ್ತೊಂದು ಕಡೆಗೂ ಇರಲಾಗಿ, ಕಮಿಶನ್ನಿನ ಅಧಿಕಾರವನ್ನು ಎತ್ತಿಹಿಡಿಯಿತು. ಪ್ರಸಾರವು ಮನೆಯೊಳಗೆ ನುಗ್ಗುವದು, ಮಕ್ಕಳಿಗೂ ಸುಲಭವಾಗಿ ಕೇಳುವದು ಎಂಬುದೇ ಕಾರಣವು. ಮುಂದೆ ರಾತ್ರಿ 10ರಿಂದ ಬೆಳಗಿನ 6ರ ವರೆಗಿನ ಕಾಲವು ಮಾತ್ರ ಈ ಕಟ್ಟಿಗೆ ಹೊರತಾಯಿತು.

2003ರಲ್ಲಿ ಬೋನೋ ಎಂಬ ಗಾಯಕನು ಟೆಲಿವಿಜನ್ನಿನಲ್ಲಿ ಪ್ರಸಾರವಾಗುತ್ತಿದ್ದ ಪ್ರಶಸ್ತಿ ಸಮಾರಂಭದಲ್ಲಿ ಹರ್ಷಾತಿಶಯದಿಂದ ಅಸಭ್ಯ ಪದವೊಂದನ್ನು ಆಡಿದನು. ಒಮ್ಮೆ ಆಡಿದರೂ ದೋಷವೇ ಎಂದು ಕಮಿಶನ್ನು 2004ರಲ್ಲಿ ನಿರ್ಣಯಿಸಿತು. ಅದೇ ವರ್ಷ ಮಹಾಯುದ್ಧದ ಸೈನಿಕರ ಸಂಕಟವನ್ನು ತೋರಿಸುವ 'ಸೇವಿಂಗ್ ಪ್ರೈವೇಟ್ ರಯಾನ್' ಚಿತ್ರವನ್ನು, ಅದರೊಳಗಿನ ಒರಟು ಮಾತುಗಳ ಸಲುವಾಗಿ, ಅನೇಕ ಕೇಂದ್ರಗಳು ದಂಡದ ಭಯದಿಂದ ತೋರಿಸದೆ ಬಿಟ್ಟವು. ಅದರಲ್ಲಿ ದೋಷವಿಲ್ಲವೆಂದು ಕಮಿಶನ್ನೇ 2005ರಲ್ಲಿ ಹೇಳಿತು! 2006ರಲ್ಲಿ ದಂಡದ ಮಿತಿಯು ಹತ್ತು ಪಟ್ಟು ಏರಿ 3,25,000 ಡಾಲರಾಯಿತು. ಹೊಸ ನಿಯಮವನ್ನು ಮುಂಚಿತವಾಗಿ ತಿಳಿಸದೆ ಅನ್ವಯಿಸಿದ ಕೆಲವು ಆಜ್ಞೆಗಳನ್ನು 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಮಾಡಿತು.

ಇದರಿಂದ ತಿಳಿಯತಕ್ಕದ್ದೇನು? ಮೃತ್ಯುಮುಖದಲ್ಲಿರುವ ಸೈನಿಕನ ಆರ್ತನಾದದಲ್ಲಿಯೂ, ಸನ್ಮಾನದಿಂದ ಉಬ್ಬಿದವನ ಉದ್ಗಾರದಲ್ಲಿಯೂ ಪದವು ಒಂದೇ ಇರಬಹುದು. ಭಾವವು ಒಂದೇ ಅಲ್ಲ. ಶಾಸನವು ಪದವನ್ನು ಸುಲಭವಾಗಿ ಹಿಡಿಯಬಲ್ಲದು. ಭಾವವನ್ನು ತೂಗುವಲ್ಲಿ ತಾನೇ ತಡವರಿಸುವದು. ಮಾತಿನ ಮೇಲೆ 'ಬೀಪ್' ಎಂಬ ಧ್ವನಿಯನ್ನು ಹೊದಿಸಿದರೆ, ಮುಚ್ಚಿದ್ದು ಯಾವ ಮಾತೆಂದು ಬಾಲಕನು ಕುತೂಹಲದಿಂದ ಕೇಳುವನು. ಆಗ ಉತ್ತರ ಕೊಡತಕ್ಕವರು ತಾಯಿತಂದೆಗಳೇ ಹೊರತು ಕಮಿಶನ್ನಲ್ಲ.

ಆದಕಾರಣ ಶಾಸನವು ವ್ಯರ್ಥವೆನ್ನಲಾಗದು. ಬೇಲಿಯಿಲ್ಲದ ಹೊಲವು ಉಳಿಯುವದಿಲ್ಲ. ಆದರೆ ಬೇಲಿಯೇ ಬೆಳೆಯಲ್ಲ. ಹಿರಿಯರ ನಾಲಗೆಯು ಮನೆಯಲ್ಲಿ ಹಸನಾಗಿದ್ದರೆ ಮಕ್ಕಳ ಕಿವಿಯು ತಾನಾಗಿಯೇ ಹೊಲ್ಲದನ್ನು ಗುರುತಿಸಿ ತೊರೆಯುವದು. ಈ ಕಾವಲನ್ನು ಪ್ರತಿಯೊಬ್ಬ ಗೃಹಸ್ಥನೂ ತನ್ನಿಂದಲೇ ಆರಂಭಿಸುವದು ಶ್ರೇಯಸ್ಕರವು.