ನಮ್ಮ ಮಾತಿಗೆ ನಮ್ಮದೇ ಯಂತ್ರ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಹೋಟೆಲಿನಲ್ಲಿ ನಾವು ಓವರ್‌ಟೈಮಿನ ಲೆಕ್ಕ ಕೇಳಲು ಫೋನಿನಲ್ಲಿ ಗುಂಪು ಕಟ್ಟಿದೆವು. ಗುಂಪಿನ ನಂಬರುಗಳೆಲ್ಲ ಅದು ಹೇಗೋ ಗಲ್ಲಾದವರೆಗೆ ತಲುಪಿದವು. ಮರುದಿನವೇ ಮೂವರಿಗೆ ರಾತ್ರಿಪಾಳಿ! ಆದಕಾರಣ ಸಂಘದ ಕಚೇರಿಯಲ್ಲಿ ನಮ್ಮದೇ ಸಂದೇಶದ ಸರ್ವರನ್ನು ಹೂಡಿದ್ದೇವೆ.

ವರ್ಚುವಲ್ ಮಶೀನ್ ಎಂದೊಡನೆ ಗಾಬರಿ ಬೇಡ. ಹತ್ತಡಿಯ ಖೋಲಿಗೆ ಹಲಗೆ ಅಡ್ಡಗಟ್ಟಿ ಇನ್ನೊಂದು ಸಂಸಾರ ಹೂಡುವುದು ಮುಂಬಯಿಯವರಾದ ನಮಗೆ ಹೊಸತೇ? ವರ್ಚುವಲ್‌ಬಾಕ್ಸ್ ಎಂಬ ಸಾಧನ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಹಾಗೆಯೇ ಹೂಡುತ್ತದೆ. ಅದಕ್ಕೆ 1 ಜಿಬಿ ಮೆಮರಿ, 10 ಜಿಬಿ ಜಾಗ ಕೊಟ್ಟು ಡೆಬಿಯನ್ ಹಾಕಿದೆವು. ಹೊರಗಿನದರಲ್ಲಿ ಚಂದಾ ಲೆಕ್ಕ ಎಂದಿನಂತೆ ನಡೆಯುತ್ತದೆ. ಒಳಗಿನದು ಕೆಟ್ಟರೆ ಅಳಿಸಿ ಪುನಃ ಹೂಡಬಹುದು.

ಅದರೊಳಗೆ ಪ್ರಾಸಡಿ ಎಂಬ ಸರ್ವರು. 1999ರಲ್ಲಿ ಜೆರೆಮಿ ಮಿಲ್ಲರ್ ಜಾಬರ್ ಎಂಬ ಹೆಸರಿನಲ್ಲಿ ಹೊರತಂದದ್ದು 2004ರಲ್ಲಿ ಎಕ್ಸ್‌ಎಂಪಿಪಿ ಎಂಬ ಬಹಿರಂಗ ನಿಯಮವಾಗಿ ಪ್ರಕಟವಾಯಿತು. ಪ್ರಾಸಡಿ ನಡೆಯುವುದು ಆ ನಿಯಮದಂತೆ. ವಿಳಾಸ ಇ-ಮೇಲಿನ ಹಾಗೆ ಇರುತ್ತದೆ, ಫೋನ್ ನಂಬರು ಬೇಕಿಲ್ಲ. ಯಾರೂ ತಾವಾಗಿ ಖಾತೆ ತೆರೆಯುವಂತಿಲ್ಲ. ಸದಸ್ಯರ ಹೆಸರನ್ನು ಕಾರ್ಯದರ್ಶಿಗಳೇ ಸೇರಿಸುತ್ತಾರೆ.

ತೊಡಕೆಲ್ಲ ಬಾಗಿಲಿನಲ್ಲಿ. ಜಾಲದ ಜೋಡಣೆಯನ್ನು ‘ಬ್ರಿಜ್ಡ್’ ಮಾಡಿದ ಮೇಲೆ ಕಚೇರಿಯ ವೈಫೈಯಲ್ಲಿ ಸಂದೇಶ ಹರಿದಾಡಿತು, ಬೀದಿಗಿಳಿದರೆ ಮೌನ. ರೌಟರಿನಲ್ಲಿ 5222ನೆಯ ಪೋರ್ಟು ತೆರೆದರೂ ಮೌನವೇ! ಇಂಟರ್ನೆಟ್ ಕಂಪೆನಿಯವರು ಅನೇಕ ಗಿರಾಕಿಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿದ್ದರು. ಚಾಳಿಗೆಲ್ಲ ಒಂದೇ ಟಪಾಲು ಪೆಟ್ಟಿಗೆ, ಖೋಲಿಯ ನಂಬರಿಲ್ಲ. ಕಾಗದ ಯಾರಿಗೆ ಸೇರೀತು? ಹಣ ತೆತ್ತು ನಮಗೇ ಪ್ರತ್ಯೇಕ ಸ್ಥಿರ ವಿಳಾಸ ಪಡೆದೆವು. ಆಮೇಲೆ ಡೊಮೇನ್ ಹೆಸರು ಕೊಂಡೆವು. ಲೆಟ್ಸ್ ಎನ್‌ಕ್ರಿಪ್ಟ್‌ನವರ ಪುಕ್ಕಟೆ ಪ್ರಮಾಣಪತ್ರವೂ ಬಂತು; ಅದನ್ನು ಕಾಲಕಾಲಕ್ಕೆ ನವೀಕರಿಸುತ್ತಿರಬೇಕು.

ಇನ್ನೊಂದು ಮಾತು, ಕಾರ್ಯಕಾರಿ ಸಮಿತಿಯವರಿಗೆ ರುಚಿಸಲಿಕ್ಕಿಲ್ಲ. ಒಮೆಮೊ ಬೀಗ ಹಾಕಿದ ಸಂದೇಶವನ್ನು ಸರ್ವರು ಓದಲಾರದು; ಆದರೂ ಯಾರು ಯಾರಿಗೆ, ಎಷ್ಟು ಹೊತ್ತಿಗೆ ಬರೆದರೆಂಬುದು ಅದಕ್ಕೆ ತಿಳಿಯುತ್ತದೆ. ಮಾಲೀಕನ ಕಣ್ಣು ತಪ್ಪಿಸಿ ಕಾರ್ಯದರ್ಶಿಯ ಕಣ್ಣಿಗೆ ಬಿದ್ದರೆ ಏನು ಬಂತು? ಆದ್ದರಿಂದ ಕೀಲಿ ಒಬ್ಬರ ಕೈಯಲ್ಲಿರಬಾರದು. ಸಭೆ ಆರಿಸಿದ ಇಬ್ಬರಲ್ಲಿರಬೇಕು. ಸಂದೇಶಗಳು ವಾರ ಕಳೆದೊಡನೆ ಸರ್ವರಿನಿಂದ ಅಳಿಯಬೇಕು. ಈ ಎರಡು ಠರಾವುಗಳನ್ನು ಇಂದೇ ಮಂಡಿಸುತ್ತೇವೆ.

ಆಂಡ್ರಾಯ್ಡ್ ಫೋನಿಗೆ ಕಾನ್ವರ್ಸೇಷನ್ಸ್ ಎಂಬ ಆ್ಯಪ್ ಸಾಕು. ಎಫ್-ಡ್ರಾಯ್ಡ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಭಾನುವಾರ ಮಧ್ಯಾಹ್ನ 3ರಿಂದ 5ರವರೆಗೆ, ಎರಡು ಪಾಳಿಗಳ ನಡುವೆ, ಕಚೇರಿಯಲ್ಲಿ ಖಾತೆ ತೆರೆದುಕೊಡುತ್ತೇವೆ. ಸದಸ್ಯತ್ವದ ಚೀಟಿ ತನ್ನಿ.