ಮಾನಸಾಂತರ

ಪಾಪದಿಂದ ತಿರುಗುವುದಕ್ಕೆ ಕನ್ನಡ ಕ್ರೈಸ್ತರು ‘ಮಾನಸಾಂತರ’ವೆನ್ನುವರು. ಪಶ್ಚಾತ್ತಾಪವು ತಪ್ಪಿನ ಬಳಿಕ ಹುಟ್ಟುವ ಬೇಗೆ. ಮಾನಸಾಂತರವು ಮನಸ್ಸೇ ಬೇರೆಯಾಗುವುದು. ಇವೆರಡರ ಅಂತರವನ್ನು ಇಂದು ವಿಚಾರಿಸೋಣ.

ಯೂದನು ತಾನು ಪಡೆದ 30 ಬೆಳ್ಳಿ ನಾಣ್ಯಗಳನ್ನು ಎಸೆದನು. ಬೆಂದನೇ ಹೊರತು ಒಡೆಯನೆಡೆಗೆ ಹಿಂದಿರುಗಲಿಲ್ಲ. ಪೇತ್ರನು ಮೂರು ಸಲ ಒಡೆಯನನ್ನು ಅರಿಯೆನೆಂದನು, ಅತ್ತನು, ಹಿಂದಿರುಗಿದನು.

ತಿರುಗಿದ ಮಾತ್ರಕ್ಕೆ ಪಾಪದ ಫಲವು ಅಳಿಯುವುದೆ? ಬಾಸೆಲ್ ಮಿಶನ್ 1837ರಲ್ಲಿ ಕಾಲಿರಿಸಿದ ಧಾರವಾಡದ ಬಳಿ ಇಂದು ಬೇಲೂರು ಕೈಗಾರಿಕಾ ಪ್ರದೇಶವಿದೆ. ಅಲ್ಲೊಬ್ಬ ಕ್ರೈಸ್ತ ಮೇಸ್ತ್ರಿಯನ್ನು ಊಹಿಸಿಕೊಳ್ಳೋಣ. ಅವನು ಆಳುಗಳ ಹಾಜರಿಯನ್ನು ಕಡಮೆ ಬರೆದು ಕೂಲಿ ನುಂಗಿದ್ದಾನೆ. ಭಾನುವಾರದ ಆರಾಧನೆಯಲ್ಲಿ ಕಣ್ಣೀರಿಟ್ಟಿದ್ದಾನೆ. ದೇವರು ಕರುಣಾಳು, ನಿಜ. ಆದರೆ ಒಲೆ ಹೊತ್ತದ ಆ ಆಳಿನ ಮನೆಯ ರಾತ್ರಿಯನ್ನು ಕಣ್ಣೀರು ಹಿಂದಕ್ಕೆ ತಂದೀತೆ? ದಾವೀದನಿಗೂ ಕ್ಷಮೆ ದೊರೆಯಿತು. ಮಗುವಿನ ಮರಣವು ತಪ್ಪಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಜಕ್ಕಾಯನು ಸುಂಕದವರ ಮುಖ್ಯಸ್ಥ. ಯೇಸು ಅವನ ಮನೆಯ ಅತಿಥಿಯಾದಾಗ, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವೆನೆಂದೂ ಅನ್ಯಾಯದಿಂದ ಕಿತ್ತುಕೊಂಡುದಕ್ಕೆ ನಾಲ್ಕರಷ್ಟು ಮರಳಿಸುವೆನೆಂದೂ ಅವನು ನುಡಿದನು. ಮೊದಲು ಬಂದುದು ಕೃಪೆ. ಲೆಕ್ಕ ತೀರಿಸಿದ್ದು ಅದರ ಹಿಂದೆ. ಕ್ಷಮೆಯನ್ನು ಅವನು ಹಣಕ್ಕೆ ಕೊಳ್ಳಲಿಲ್ಲ. ಕ್ಷಮೆ ದೊರೆತವನ ಕೈ ತಾನಾಗಿ ಬಿಚ್ಚಿತು.

ನಮ್ಮ ಮೇಸ್ತ್ರಿಯ ದಾರಿಯೂ ಇದೇ. ಸೋಮವಾರ ಬೆಳಿಗ್ಗೆ ಅವನು ಹಾಜರಿ ಪುಸ್ತಕವನ್ನು ತಿದ್ದಿ, ಆಳಿನ ಎದುರು ನಿಂತು, ನುಂಗಿದ ಕೂಲಿಯನ್ನು ಎಣಿಸಿಕೊಡಬೇಕು. ಕೆಲಸ ಹೋದೀತು, ಮಾನವೂ ಹೋದೀತು. ಆ ಫಲವನ್ನು ಹೊರುತ್ತಲೇ ತಿರುಗಿ ನಡೆಯುವುದು ಮಾನಸಾಂತರ.