ನಂಬಿಕೆಗೆ ನಡತೆಯೇ ಸಾಕ್ಷಿ

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಸಮಾಜವಾದಿಗಳಿಗೆ ದೇವರು ಧರ್ಮಗಳ ಗೊಡವೆ ಏಕೆ ಎಂದು ಅನೇಕರು ನಮ್ಮನ್ನು ಕೇಳುತ್ತಾರೆ. ಯಾರ ಪೂಜೆಯನ್ನೂ ನಿಲ್ಲಿಸಲು ನಾವು ಬಂದವರಲ್ಲ. ಪೂಜೆ ಮುಗಿಸಿ ಬೀದಿಗಿಳಿದ ಮೇಲೆ ಆ ಭಕ್ತಿ ಎಲ್ಲಿ ಹೋಗುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ. ಮಂಗಳೂರಿನಲ್ಲಿ ಬಾಳಿದ ಒಬ್ಬ ಗೃಹಸ್ಥರ ನಡತೆ ಇದಕ್ಕೆ ಉತ್ತರ ಕೊಡುತ್ತದೆ.

ಕುದ್ಮುಲ್ ರಂಗರಾಯರು 1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿದರು. ಬಡತನದಲ್ಲಿ ಬೆಳೆದು, ಶಾಲಾ ಮಾಸ್ತರರಾಗಿ ದುಡಿದು, ಮುಂದೆ ವಕೀಲಿ ಹಿಡಿದರು. ರಾಮಮೋಹನರಾಯರು 1828ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದ ಬ್ರಹ್ಮಸಮಾಜದ ವಿಚಾರ ಆಗಲೇ ಮಂಗಳೂರನ್ನು ಮುಟ್ಟಿತ್ತು. ದೇವರು ಒಬ್ಬನೇ, ಅವನೆದುರು ಮೇಲುಕೀಳಿಲ್ಲ ಎಂಬುದನ್ನು ಒಪ್ಪಿ ತಲೆಯಾಡಿಸಿದವರು ಹಲವರು. ರಂಗರಾಯರು ಅದನ್ನು ಪ್ರಾರ್ಥನಾಮಂದಿರದಲ್ಲೇ ಬಿಟ್ಟು ಮನೆಗೆ ಹೋಗಲಿಲ್ಲ.

1892ರಲ್ಲಿ ಅವರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ಹಸಿದ ಮಗುವಿಗೆ ಅಕ್ಷರ ಹತ್ತದೆಂದು ಮಧ್ಯಾಹ್ನದ ಊಟ ಹಾಕಿದರು; ಓದಿನ ಜೊತೆಗೆ ನೇಯ್ಗೆಯಂಥ ಕಸುಬನ್ನೂ ಕಲಿಸಿದರು. ಇದಕ್ಕೆ ಸ್ವಜಾತಿಯವರು ಕೊಟ್ಟ ಬಹುಮಾನ ಬಹಿಷ್ಕಾರ. ರಾಯರು ಹಿಂದೆ ಸರಿಯಲಿಲ್ಲ.

1928ರಲ್ಲಿ ತೀರಿಕೊಂಡ ಅವರ ಒಂದು ಆಸೆಯನ್ನು ಕೇಳಿ. ತಮ್ಮ ಶಾಲೆಯ ಮಕ್ಕಳಂಥವರು ಓದಿ, ನೌಕರಿ ಹಿಡಿದು, ಮೋಟಾರಿನಲ್ಲಿ ಓಡಾಡಬೇಕು. ಆ ಗಾಲಿಯ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು ಎಂದು ಅವರು ಬಯಸಿದ್ದರು. ಭಿಕ್ಷೆ ಹಾಕುವವನು ಬೇಡುವವನನ್ನು ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತಾನೆ. ಬೇಡುವವನು ತನಗಿಂತ ಮುಂದೆ ಹೋಗಲೆಂದು ಹಾರೈಸುವುದಕ್ಕೆ ನಾವು ದಯೆ ಎನ್ನುತ್ತೇವೆ.

1950ರ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಮಲ ಬಳಿಯುವ ಕೆಲಸಕ್ಕೆ ಮನುಷ್ಯರನ್ನು ಹಚ್ಚಕೂಡದೆಂದು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಕಾಯಿದೆ ಬಂತು. ಆದರೂ ಗುಂಡಿಗಿಳಿದು ಉಸಿರುಗಟ್ಟಿ ಸಾಯುವವರ ಸುದ್ದಿ ನಿಂತಿಲ್ಲ.

ಆದುದರಿಂದ ವ್ಯಾಪಾರಿ ಮಿತ್ರರೇ, ಅಂಗಡಿ ಮುಂದಿನ ಚರಂಡಿ ತೆಗೆದ ಪೌರಕಾರ್ಮಿಕ ನೀರು ಕೇಳಿದರೆ ನಮ್ಮ ಕೈ ಯಾವ ಲೋಟಕ್ಕೆ ಹೋಗುತ್ತದೆ? ಗಿರಣಿ ಬಂಧುಗಳೇ, ಕಕ್ಕಸು ತೊಳೆಯುವ ಗುತ್ತಿಗೆ ಹೆಂಗಸು ಬುತ್ತಿ ಬಿಚ್ಚುವಾಗ ನಮ್ಮ ಸಾಲಿನಲ್ಲಿ ಅವಳಿಗೆ ಜಾಗವುಂಟೇ? ನಮ್ಮ ಯೂನಿಯನ್ನಿನ ಬೇಡಿಕೆಗಳಲ್ಲಿ ಅವಳ ಕೂಲಿಯ ಮಾತಿದೆಯೇ? ಗಣಪತಿ ಉತ್ಸವಕ್ಕೆ ಚಂದಾ ಎತ್ತುವ ನಮಗೆ ಈ ಲೆಕ್ಕವೂ ತಿಳಿದಿರಬೇಕು.

ಇದಕ್ಕೆ ಹಣ ಬೇಡ, ಅಧಿಕಾರಿಗಳ ಅಪ್ಪಣೆಯೂ ಬೇಡ. ನಾವು ಕುಡಿಯುವ ಲೋಟದಲ್ಲೇ ನೀರು ಕೊಡೋಣ. ಮಗ್ಗುಲಲ್ಲಿ ಕೂರಿಸಿಕೊಂಡು ಉಣ್ಣೋಣ. ಬರುವ ಬೇಡಿಕೆ ಪತ್ರದಲ್ಲಿ ಗುತ್ತಿಗೆಯವರ ಕೂಲಿಯನ್ನು ಮೊದಲ ಸಾಲಿನಲ್ಲೇ ಬರೆಯೋಣ. ಮನೆಯವರು, ಜಾತಿಯವರು ಗೊಣಗಿಯಾರು. ರಂಗರಾಯರು ಪಟ್ಟ ಪಾಡಿನ ಮುಂದೆ ಅದು ಯಾವ ಲೆಕ್ಕ?